ಒಂದು ಸಾಲು ಮೇಲೆ

ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಶಿವರಂಜಿನಿ ಬಗ್ಗಿ ಒಳಗೆ ನುಸುಳಿದಳು. ಅಂಗಡಿ ಯಜಮಾನರ ಮಯ್ಯತ್, ತೀರಿಕೊಂಡ ದೇಹ, ಹಿಂದಿನ ಮನೆಯಲ್ಲಿರುವಾಗ ಪೂರ್ತಿ ಎತ್ತಿದರೆ ಗುಂಡ್ಲುಪೇಟೆಯ ಜನ ಏನಂದಾರು? ಅಂಗಳದಲ್ಲಿ ಪರದೆ ಕಟ್ಟಿ ಹಬೀಬುಲ್ಲಾ ಸಾಹೇಬರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದುದರಿಂದ ಒಳಬಾಗಿಲಿಂದ ಬರುವಂತಿರಲಿಲ್ಲ. ಚಾಮರಾಜನಗರದ ಅವರ ಅಣ್ಣನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ನಂಬರು ಕಂಪ್ಯೂಟರಿನಲ್ಲಿದೆ, ನೋಡಿಕೊಂಡು ಬಾ ಎಂದು ಸಾಹೇಬರ ಹೆಂಡತಿ ಚಾಂದ್ ಬಿ ಕಳಿಸಿದ್ದರು.

ಡಿ.ಟಿ.ಪಿ. ಅಂಗಡಿಯ ಸಾಹೇಬರ ಲೋಕವೆಲ್ಲ ಒಂದೇ ಫೈಲಿನಲ್ಲಿತ್ತು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ತಲೆಸಾಲು ಬಿಡಿಸಿದರೆ ಅದರ ಕೆಳಗಿನ ಸಾಲುಗಳು ಕಾಣುತ್ತಿದ್ದವು, ಮಡಿಚಿದರೆ ಮರೆಯಾಗುತ್ತಿದ್ದವು. 'ಮನೆ' ಎಂಬ ತಲೆಸಾಲನ್ನು ಬಿಡಿಸಿ ನಂಬರು ಗೀಚಿಕೊಂಡಳು. ಅದರ ಕೆಳಗೆ, ಶನಿವಾರ ಸಾಹೇಬರು ಬರೆಸಿದ್ದ ಮಾತ್ರೆಯ ಸಾಲು ಇರಬೇಕಿತ್ತು. ಇರಲಿಲ್ಲ.

ಮೇಲಿನ ತಲೆಸಾಲು 'ಬೇಗೂರು ಮೂಗಯ್ಯನ ಮಗಳ ಮದುವೆ ಕಾರ್ಡು' ಮಡಿಚಿಕೊಂಡು ಕೂತಿತ್ತು. ಬಿಡಿಸಿದಳು. ಪ್ರೂಫು, ಪೇಪರು, ಕಟ್ಟಕಡೆಗೆ, ಮುಗಿಯದ ಕೆಲಸದ ಮುಂದೆ ಹಾಕುವ ಗುರುತಿನೊಡನೆ: 'ಮಾಡಬೇಕು. ಬಿ.ಪಿ. ಮಾತ್ರೆ ಮುಗಿದಿದೆ, ತರುವುದು.'

•

"ಸಾಲಿನ ಮುಂದೆ ಒಂದು ಸ್ಟಾರ್ ಹಾಕಿದ್ದು ತಲೆಸಾಲು, ಅದು ಯಜಮಾನ. ಎರಡು ಹಾಕಿದ್ದು ಮಕ್ಕಳು," ಎಂದು ಅವಳು ಕೆಲಸಕ್ಕೆ ಸೇರಿದ ದಿನವೇ ಸಾಹೇಬರು ಕಲಿಸಿದ್ದರು. "ಬಾಗಿಲು ಹಾಕಿದ್ರೆ ಮಕ್ಕಳು ಕಾಣಲ್ಲ, ಒಳಗೇ ಇರ್ತಾರೆ. ಯಾರ ಮಕ್ಕಳನ್ನೋ ಪಕ್ಕದ ಮನೆಗೆ ಸೇರಿಸ್ಬಿಟ್ಟೀಯಮ್ಮ, ಹುಷಾರು."

ಶನಿವಾರ ಅವರು ಹೇಳಿದ ಮಾತ್ರೆಯ ಸಾಲನ್ನು ಅವಳು ಫೋನಿನಲ್ಲಿ ಮಾತಾಡುತ್ತಲೇ ಟೈಪ್ ಮಾಡಿದ್ದಳು. 'ಮನೆ'ಯ ಕೆಳಗಲ್ಲ, ಒಂದು ಸಾಲು ಮೇಲೆ. ಹಾಗಾಗಿ ಅದು ಮದುವೆ ಕಾರ್ಡಿನ ಮಕ್ಕಳ ಜೊತೆ ಸೇರಿಬಿಟ್ಟಿತ್ತು. ಸಂಜೆ ಶಟರ್ ಎಳೆಯುವ ಮುಂಚೆ 'ಮನೆ' ಬಿಡಿಸಿ ನೋಡಿ, ಇದ್ದ ಕೆಲಸ ಮುಗಿಸಿಯೇ ಒಳಗೆ ಹೋಗುವುದು ಸಾಹೇಬರ ಅಭ್ಯಾಸ. ಅಂದೂ ನೋಡಿದರು.

"ಇವತ್ತು ಮನೇದೇನೂ ಇಲ್ಲ. ನಡಿಯಮ್ಮ, ಬಸ್ ಸಿಗುತ್ತೆ," ಎಂದು ನಕ್ಕಿದ್ದರು. ಎದುರಿನ ಮೆಡಿಕಲ್ ಸ್ಟೋರಿನ ದೀಪ ಇನ್ನೂ ಉರಿಯುತ್ತಿತ್ತು.

ಭಾನುವಾರ ಅಂಗಡಿಗೆ ರಜೆ. ಸೋಮವಾರ ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

•

ಸಾಹೇಬರ ಅಣ್ಣ ಬಂದ ಮೇಲೆ ಶವವಿಟ್ಟ ಜನಾಜಾ ಎತ್ತಿದರು. ಕಾರ್ಡು ವಿಚಾರಿಸಲು ಬಂದಿದ್ದ ಮೂಗಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಇಂಗೆ ಎದ್ದೋಗ್ಬುಟ್ರಲ್ಲವ್ವ ಸಾಯೇಬ್ರು. ಕಾರ್ಡು ಗೀರ್ಡು ಆಮ್ಯಾಕೆ ನೋಡನ ಬುಡು," ಎಂದು ಹೆಗಲು ಕೊಡಲು ಹೋದ.

ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ಹೇಳದೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾಳೆಯಿಂದ ಈ ತಾಯಿಯ ಮುಖ ಹೇಗೆ ನೋಡುವುದು? ಶಿವರಂಜಿನಿಗೆ ತಡೆಯಲಾಗಲಿಲ್ಲ. ಚಾಂದ್ ಬಿಯ ಪಕ್ಕ ಕೂತು, ಬಿಕ್ಕುತ್ತಲೇ ಎಲ್ಲ ಹೇಳಿಬಿಟ್ಟಳು.

ಚಾಂದ್ ಬಿ ಗೋಡೆ ಹಿಡಿದು ಎದ್ದರು.

"ತೋರಿಸು."

ಒಳಬಾಗಿಲಿಂದ ಇಬ್ಬರೂ ಅಂಗಡಿಗೆ ಬಂದರು. ಚಾಂದ್ ಬಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಶಿವರಂಜಿನಿ ತೋರಿಸಿದ ಸಾಲಿನ ಮೇಲೆ ಬೆರಳಿಟ್ಟರು.

"ಶನಿವಾರ ರಾತ್ರಿ ಮಾತ್ರೆ ಡಬ್ಬಿ ನಾನೇ ನೋಡ್ದೆ ಬೇಟಿ. ಖಾಲಿ ಇತ್ತು. ಹೇಳ್ಲಿಲ್ಲ. ಎಲ್ಲಾ ಈ ಕಂಪ್ಯೂಟರಿಗೇ ಹೇಳ್ತಾರಲ್ಲ, ಇದೇ ನೆನಪು ಮಾಡ್ಲಿ ಅಂತ ಸಿಟ್ಟಿಂದ ಸುಮ್ನಾದೆ."

"ಅಮ್ಮಾ..."

"ಮದುವೆ ಹುಡುಗಿ ಕೆಳಗಿಂದ ಇದನ್ನ ತೆಗಿ. ಪಾಪ, ಆ ಮಗೂದೇನು ತಪ್ಪು. ಇದ್ರಲ್ಲಿ ನನ್ನ ಹೆಸರು ಎಲ್ಲಿದೆ?"

"ಹೆಸರು ಇಲ್ಲಮ್ಮ. 'ಮನೆ' ಅಂತ ಇದೆ."

"ಮನೆ ಅಂದ್ರೆ ನಾನೇ. ಅಲ್ಲಿಗೆ ಹಾಕು."

ಶಿವರಂಜಿನಿ ಸಾಲನ್ನು ಕೆಳಗಿಳಿಸಿದಳು. ಅಭ್ಯಾಸದಂತೆ 'ಮನೆ'ಯನ್ನು ಮಡಿಚಲು ಹೋದ ಅವಳ ಕೈಯನ್ನು ಚಾಂದ್ ಬಿ ಹಿಡಿದುಕೊಂಡರು. ಮೊಣಕಾಲೆತ್ತರಕ್ಕೆ ಎತ್ತಿದ್ದ ಶಟರಿನ ಕೆಳಗೆ, ಖಬರಸ್ತಾನದಲ್ಲಿ ಮಣ್ಣು ಮಾಡಿ ಮರಳುತ್ತಿದ್ದ ಗಂಡಸರ ಕಾಲುಗಳಷ್ಟೇ ಕಾಣುತ್ತಿದ್ದವು, ಪಾದದ ತುಂಬ ಹಸಿಮಣ್ಣು. ಇಬ್ಬರೂ ಹಾಗೇ ನಿಂತಿದ್ದರು. 'ಮನೆ'ಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದೇ ಸಾಲಿನ ಮುಂದೆ 'ಮಾಡಬೇಕು' ಎಂದಿತ್ತು.