ಅಕ್ಕ ಮನೆಯಲ್ಲಿದ್ದಾಳೆ

ಮದುವೆಯಾದ ಒಂಬತ್ತನೆಯ ದಿನ ಪುಟ್ಟಿ ಗಂಡನ ಜೊತೆ ಮಳೆಕಾಡಿನ ನಡುವೆ ಇದ್ದ ಆ ಹೋಟೆಲಿಗೆ ಬಂದಿಳಿದಳು. ಹೆಸರಿಗೆ ಪುಟ್ಟಿ, ವಯಸ್ಸು ಇಪ್ಪತ್ತೇಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ, "ಈಗ ಚೆನ್ನಾಗಿ ಕಾಣುತ್ತಾ, ಆಗಲೇ ಚೆನ್ನಾಗಿತ್ತಾ?" ಎಂದು ದಿನಕ್ಕೆ ನೂರು ಸಲ ಕೇಳುವವಳು. ಅವಳದೂ ದಪ್ಪ ಗಾಜಿನ ಕನ್ನಡಕವೇ. ಜೀಪಿನಿಂದ ಇಳಿದದ್ದೇ ತಡ, ಕಾಡಿನ ಹಬೆಗೆ ಎರಡೂ ಗಾಜು ಮಂಜಾದವು. ಅಂಗಿಯ ತುದಿಯಿಂದ ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ ಆ ಮರ.

ಆಳೆತ್ತರದ ಬೇರುಗಳು ಗೋಡೆಗಳ ಹಾಗೆ ಸುತ್ತಲೂ ಹರಡಿದ್ದ ಮರ. ಪುಟ್ಟಿ ಅದನ್ನು ಬಲ್ಲಳು. ಅಂಥ ಎರಡು ಬೇರುಗಳ ನಡುವೆ ಅಕ್ಕ ಹಳದಿ ರೇನ್‌ಕೋಟ್ ತೊಟ್ಟು, ಬಾಯಿ ತುಂಬ ನಗುತ್ತಾ ನಿಂತ ಫೋಟೋ ಏಳು ವರ್ಷದಿಂದ ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲ ಮೇಲಿತ್ತು.

"ಭಾವ, ಇದು..."

"ಹೂಂ," ಎಂದ ಅವನು, ಸೂಟ್‌ಕೇಸ್ ಇಳಿಸುತ್ತಾ. "ನಿಂಗೆ ಗೊತ್ತಿರುತ್ತೆ ಅನ್ಕೊಂಡಿದ್ದೆ."

ಅವಳಿಗೆ ಗೊತ್ತಿರಲಿಲ್ಲ. "ಒಂದು ಜಾಗ ಬುಕ್ ಮಾಡಿದೀನಿ, ಕಾಡು, ತಂಪಾಗಿರುತ್ತೆ" ಎಂದಷ್ಟೇ ಅವನು ಹೇಳಿದ್ದ. ಕೇಳಿದ ದಿನವೇ ಪುಟ್ಟಿ ನೀಲಿ ಚಪ್ಪಲಿ ಕೊಂಡಿದ್ದಳು, ಯಾರಿಗೂ ತೋರಿಸದ ಒಂದು ಹೊಸ ನೈಟಿಯನ್ನೂ ಕೊಂಡಿದ್ದಳು.

ನಾವೂ ಅವನನ್ನು ಭಾವ ಎಂದೇ ಕರೆಯೋಣ. ಪುಟ್ಟಿಯ ನಾಲಿಗೆ ಹನ್ನೆರಡು ವರ್ಷದಿಂದ ಹಾಗೇ ತಿರುಗಿ ರೂಢಿಯಾಗಿತ್ತು. ಭಾವ ಲಿಫ್ಟ್ ರಿಪೇರಿ ಮಾಡುವವನು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರಿಗೆ ಬಾಗಿಲ ಸಂದಿಯಿಂದಲೇ "ಹೆದರ್ಬೇಡಿ, ನಾನು ಇಲ್ಲೇ ಇದೀನಿ" ಎಂದು ಸಮಾಧಾನ ಹೇಳುವುದರಲ್ಲಿ ಅವನದು ಎತ್ತಿದ ಕೈ. ಅಕ್ಕ ಮೆಚ್ಚಿದ್ದೂ ಹಾಗೇ. ಮೂರನೆಯ ಮಹಡಿಯ ಕೆಳಗೆ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ಹೊರಬರುವಷ್ಟರಲ್ಲಿ ಅವನ ದನಿಗೆ ಮನಸೋತಿದ್ದಳು. ಆ ಅಕ್ಕ ಹದಿನಾರು ತಿಂಗಳ ಹಿಂದೆ ಒಂದು ಮಧ್ಯಾಹ್ನ ತಲೆನೋವು ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಉಳಿದದ್ದು ನಾಲ್ಕು ವರ್ಷದ ಮಗಳು. ಮಗು ಚಿಕ್ಕಮ್ಮನ ಕೊರಳು ಬಿಡಲಿಲ್ಲ. "ಹೊರಗಿನವಳು ಯಾರೋ ಬಂದು ಆ ಕೂಸಿನ ತಲೆ ಬಾಚೋದು ನನ್ನಿಂದ ನೋಡಕ್ಕಾಗಲ್ಲ" ಎಂದು ಅಮ್ಮ ಕಣ್ಣೀರು ಹಾಕಿದಳು. ಪುಟ್ಟಿ ಒಪ್ಪಿದಳು. ಮಗುವಿಗಾಗಿ ಎಂದು ಎಲ್ಲರೂ ಅಂದುಕೊಂಡರು. ಅದು ಸುಳ್ಳಲ್ಲ. ಆದರೆ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿಳಿಯುವಾಗ ಭಾವ ಅವಳ ಮೊಣಕೈ ಹಿಡಿದ, ಜಾರಬಾರದೆಂದು. ಆಗ ಎದೆಯೊಳಗೆ ಏನೋ ಪುಳಕ ಎದ್ದದ್ದು ಅವಳೊಬ್ಬಳಿಗೇ ಗೊತ್ತಿತ್ತು. ಅಕ್ಕನ ಜಾಗದಲ್ಲಿ ನಿಂತು ಖುಷಿಪಟ್ಟೆನಲ್ಲ ಎಂದು ಅವತ್ತೆಲ್ಲ ಅವಳಿಗೆ ಊಟ ಇಳಿದಿರಲಿಲ್ಲ.

ಮಗುವನ್ನು ಅಮ್ಮನ ಬಳಿ ಬಿಟ್ಟು ಬಂದಿದ್ದರು. ಕಾಟೇಜು ಹೊಳೆಯ ದಂಡೆಯಲ್ಲಿತ್ತು. ಹಾಸಿಗೆಯ ಮೇಲೆ ಹೂವಿನ ಪಕಳೆಗಳನ್ನು ಹರಡಿದ್ದರು. ಎರಡು ಟವೆಲುಗಳನ್ನು ಹಂಸಗಳಂತೆ ಮಡಿಸಿ ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು. ಭಾವ ಹಂಸಗಳನ್ನು ನೋಡಿದ. ಒಂದನ್ನು ಬಿಡಿಸಿ ಮುಖ ಒರೆಸಿಕೊಂಡು, "ಹೊಳೆ ತನಕ ಹೋಗ್ಬರೋಣ್ವಾ?" ಎಂದ.

ಹೊಳೆಯ ಹತ್ತಿರ ಮುದಿ ಗೈಡ್ ಒಬ್ಬ ಬೂಟಿನಿಂದ ಜಿಗಣೆ ಕಿತ್ತು ಹಾಕುತ್ತಾ ಕೂತಿದ್ದ. ತಲೆಗೆ ಮಾಸಿದ ಟೋಪಿ. ಭಾವನನ್ನು ಕಂಡವನೇ ಕಣ್ಣು ಕಿರಿದು ಮಾಡಿ ಎದ್ದುಬಂದ.

"ಸಾರ್! ನೀವಲ್ವಾ? ಅಮ್ಮಾವ್ರು ಇದೇ ಕಲ್ಲಿಂದ ಜಾರಿ ಬಿದ್ರಲ್ಲ, ಎತ್ತಕ್ಕೆ ಹೋದ್ರೆ ಎದ್ದೇಳ್ದೆ ನೀರಲ್ಲೇ ಕೂತ್ಕೊಂಡು ನಕ್ಕಿದ್ದೇ ನಕ್ಕಿದ್ದು! ಮೂವತ್ತು ವರ್ಷದಿಂದ ಇಲ್ಲಿದೀನಿ, ಅಂಥ ನಗು ಕೇಳಿಲ್ಲ. ಎಲ್ಲಿ ಅವರು?"

ಪುಟ್ಟಿ ನಾಲ್ಕು ಹೆಜ್ಜೆ ಹಿಂದಿದ್ದಳು. ಅಕ್ಕ ಇಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಈ ಹದಿನಾರು ತಿಂಗಳಲ್ಲಿ ಬ್ಯಾಂಕಿಗೆ, ಮಗುವಿನ ಶಾಲೆಗೆ, ವಿಷಯ ತಿಳಿಯದೆ ಫೋನ್ ಮಾಡಿದ ಗೆಳತಿಯರಿಗೆ, ಎಲ್ಲರಿಗೂ ಆ ಮಾತು ಹೇಳಿದ್ದು ಅವಳೇ. ಆದರೆ ಭಾವ ಮೊದಲು ಬಾಯಿ ತೆರೆದ.

"ಮನೇಲಿದಾಳೆ," ಎಂದ. "ಮಗು ಚಿಕ್ಕದು. ಹಾಗಾಗಿ ಬರಲಿಲ್ಲ."

"ಓಹೋ, ಮಗು ಆಯ್ತಾ! ಸಂತೋಷ ಸಾರ್." ಗೈಡ್ ಕತ್ತು ಹೊರಳಿಸಿ ಪುಟ್ಟಿಯನ್ನು ನೋಡಿದ. "ಇವರು?"

"ಅವಳ ತಂಗಿ."

ಮುದುಕನ ನಗು ಹಾಗೇ ನಿಂತುಹೋಯಿತು. ಜೀಪಿನಿಂದ ಯಾರು ಇಳಿದರು, ಹೊಳೆದಂಡೆಯ ಕಾಟೇಜಿನಲ್ಲಿ ಯಾರಿಗಾಗಿ ಹೂ ಹಾಸಿದ್ದರು, ಅವನಿಗೆ ಗೊತ್ತಿತ್ತು. "ಸರಿ ಸಾರ್," ಎಂದು ಟೋಪಿ ಎಳೆದುಕೊಂಡು ಅಡಿಗೆಮನೆಯ ಕಡೆ ನಡೆದುಬಿಟ್ಟ. ಭಾವ ತಿರುಗಿ ನೋಡದೆ ಆ ಕಲ್ಲಿನ ಮೇಲೆ ಕೂತ. ಪುಟ್ಟಿ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು.

ರಾತ್ರಿ ಸೆಕೆ ಎಂಬ ನೆಪ ಹೇಳಿ ಭಾವ ಜಗಲಿಯ ಬೆತ್ತದ ಕುರ್ಚಿಯಲ್ಲೇ ಮಲಗಿದ. ಮಳೆ ಹುಯ್ಯುತ್ತಿತ್ತು, ಸೆಕೆ ಎಲ್ಲಿತ್ತು!

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸುದ್ದಿ ಹಬ್ಬಿತ್ತು. ಬಡಿಸುವವನು ಭಾವನ ಲೋಟಕ್ಕೆ ಕಾಫಿ ಹುಯ್ದು, ಪುಟ್ಟಿಯ ಲೋಟ ಕಾಣದವನಂತೆ ಮುಂದೆ ಹೋದ. ಭಾವ ಅದನ್ನು ಗಮನಿಸಲೇ ಇಲ್ಲ. "ಸ್ವಲ್ಪ ಸುತ್ತಾಡ್ಕೊಂಡು ಬರ್ತೀನಿ" ಎಂದು ಒಬ್ಬನೇ ಕಾಡಿನ ದಾರಿ ಹಿಡಿದ.

ಪುಟ್ಟಿ ಕಾಟೇಜಿಗೆ ಮರಳಿದಾಗ ರೂಮು ಗುಡಿಸುವ ಹೆಂಗಸು ಹಾಸಿಗೆ ಸರಿಮಾಡುತ್ತಿದ್ದಳು. ಐವತ್ತು ದಾಟಿದವಳು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಪಕಳೆಗಳನ್ನೆಲ್ಲ ಬಾಚಿ ಬಕೆಟಿಗೆ ಹಾಕಿಯಾಗಿತ್ತು.

"ಇನ್ನೊಂದು ಹಾಸಿಗೆ ಹಾಕಿಸ್ಲಾ?" ಎಂದಳು, ಮುಖ ನೋಡದೆ.

"ಬೇಡ."

"ಬೇಡ್ವಾ." ದಿಂಬಿನ ಕವರು ಫಟ್ಟನೆ ಕೊಡವಿದಳು. ತಡೆಯಲಾರದೆ ತಿರುಗಿದಳು. "ನಂಗೂ ಒಬ್ಬಳು ತಂಗಿ ಇದಾಳೆ ಕಣಮ್ಮ. ಸೊಂಟದ ಮೇಲೆ ಹೊತ್ತು ಬೆಳೆಸಿದೀನಿ. ನಾನು ಮನೇಲಿ ಕೂಸು ನೋಡ್ಕೊಂಡು ಕೂತಿರುವಾಗ ಅವಳು ನನ್ನ ಗಂಡನ ಜೊತೆ ಹಿಂಗೆ ಬಂದಿದ್ರೆ... ನಿಮ್ಮಕ್ಕಂಗೆ ಒಂದು ಹೊಟ್ಟೆ ಅನ್ನೋದು ಇಲ್ವಾ? ಅದು ಉರಿಯಲ್ವಾ? ನಾನು ಕೆಲಸದೋಳು, ಹೇಳಬಾರದು. ಕೆಲಸ ಹೋದ್ರೆ ಹೋಗ್ಲಿ."

ಪುಟ್ಟಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಂದೇ ಮಾತು ಸಾಕಿತ್ತು. ಮದುವೆ ಆಗಿದೆ, ಅಕ್ಕ ಇಲ್ಲ. ಅಷ್ಟು ಹೇಳಿದ್ದರೆ ಆ ಹೆಂಗಸು ಕೈ ಮುಗಿದು ಕ್ಷಮೆ ಕೇಳುತ್ತಿದ್ದಳು. ಆದರೆ ಅವಳ ಕಣ್ಣಲ್ಲಿ ಅಕ್ಕ ಈಗ ಮನೆಯಲ್ಲಿದ್ದಳು. ಮಗುವಿಗೆ ಉಣಿಸುತ್ತಿದ್ದಳು, ಗಂಡನ ದಾರಿ ಕಾಯುತ್ತಿದ್ದಳು. ಮೋಸಹೋದವಳೇ ಇರಲಿ, ಬದುಕಿದ್ದಳು. ಯಾರೋ ಅಕ್ಕನ ಪರವಾಗಿ ಜಗಳಕ್ಕೆ ನಿಂತಿದ್ದರು. ಇನ್ನೊಂದು ಸಲ ಅಕ್ಕನನ್ನು ಸಾಯಿಸಲು ಪುಟ್ಟಿಗೆ ಬಾಯಿ ಬರಲಿಲ್ಲ.

"ಉರಿಯುತ್ತೆ," ಎಂದಳು. "ನೀವು ಹೇಳೋದು ಸರಿ."

ಹೆಂಗಸು ಬಕೆಟ್ ಎತ್ತಿಕೊಂಡು ಹೊರಟುಹೋದಳು.

ಮಧ್ಯಾಹ್ನ ಭಾವ ಮಂಡಿಯವರೆಗೂ ಕೆಸರು ಮಾಡಿಕೊಂಡು ಬಂದ. ಪುಟ್ಟಿ ಜಗಲಿಯಲ್ಲಿ ಸೂಟ್‌ಕೇಸು ತೆರೆದಿಟ್ಟುಕೊಂಡು ಕೂತಿದ್ದಳು.

"ಯಾಕೆ ಭಾವ ಹಾಗೆ ಹೇಳಿದ್ರಿ?"

ಯಾವುದನ್ನು ಎಂದು ಅವನು ಕೇಳಲಿಲ್ಲ. ಬೂಟು ಬಿಚ್ಚಲು ಬಗ್ಗಿದವನು ಬಗ್ಗಿಯೇ ಉಳಿದ.

"ಆ ಮಾತು ನಾನು ಒಂದ್ಸಲಾನೂ ಹೇಳಿಲ್ಲ ಪುಟ್ಟಿ. ಯಾರಿಗೂ. ಎಲ್ಲರಿಗೂ ನೀನೇ ಹೇಳ್ದೆ. ನಿನ್ನೆ ಆ ತಾತ ಅವಳ ನಗು ನೆನಪು ಮಾಡಿದಾಗ... ಇಲ್ಲಿ ಯಾರಿಗೂ ಗೊತ್ತಿಲ್ವಲ್ಲ ಅನ್ನಿಸ್ತು. ಈ ಊರಲ್ಲಾದ್ರೂ ಅವಳು ಇರ್ಲಿ ಅಂತ."

"ಅದಕ್ಕೇನಾ ಇಲ್ಲಿಗೆ ಬಂದಿದ್ದು?"

"ಅಲ್ಲ. ದೇವರಾಣೆಗೂ ಅಲ್ಲ. ಹೆಂಡ್ತಿನ ಕರ್ಕೊಂಡು ಹೋಗೋಕೆ ನಂಗೆ ಬೇರೆ ಯಾವ ಜಾಗಾನೂ ಗೊತ್ತಿರ್ಲಿಲ್ಲ."

ಹೆಂಡತಿ ಎಂಬ ಮಾತು ಅವನ ಬಾಯಿಂದ ಮೊದಲ ಸಲ ಬಂದದ್ದು ಆಗಲೇ. ಅದು ಅಕ್ಕನಿಗೆ ಹೇಳಿದ್ದೋ ತನಗೆ ಹೇಳಿದ್ದೋ ಎಂದು ಪುಟ್ಟಿಗೆ ತಿಳಿಯಲಿಲ್ಲ.

"ಅಕ್ಕ ಮನೇಲಿದ್ರೆ, ನಾನು ಇಲ್ಲಿ ಯಾರು ಭಾವ?" ಎಂದಳು ಪುಟ್ಟಿ. "ಬೆಳಿಗ್ಗೆಯಿಂದ ಇವರೆಲ್ಲ ನನ್ನ ಹೇಗೆ ನೋಡ್ತಿದಾರೆ ಗೊತ್ತಾ? ಅವರ ಕೈಲಿ ಬೈಸ್ಕೊಂಡೆ. ಎದುರು ಮಾತಾಡ್ಲಿಲ್ಲ. ಅವಳಿಗೋಸ್ಕರ. ಆದರೆ ನಂಗೂ... ನಾನೂ ಆಸೆ ಇಟ್ಕೊಂಡೇ ಬಂದಿದ್ದೆ. ಅಕ್ಕನ ಮೇಲಾಣೆ, ಇಟ್ಕೊಂಡಿದ್ದೆ."

 ಅವಳಿಗೂ ಹಾಗೊಂದು ಮನಸ್ಸಿರಬಹುದು ಎಂದು ಭಾವ ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಬೂಟು ಕಳಚಿಟ್ಟು, ಇನ್ನೊಂದನ್ನು ಬಿಚ್ಚದೆ ಎದ್ದು, ಅಡಿಗೆಮನೆಯ ಕಡೆ ಹೋದ.

ಜಗಲಿಯಿಂದ ಪುಟ್ಟಿಗೆ ಎಲ್ಲ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಅಡಿಗೆಮನೆಯ ಸೂರಿನಡಿ ಗೈಡ್ ಬೆಂಚಿನಿಂದ ಎದ್ದ. ಭಾವ ಏನೋ ಹೇಳಲು ಹೋಗಿ ನಿಲ್ಲಿಸಿದ, ಮತ್ತೆ ಶುರುಮಾಡಿದ. ಮುದುಕ ನಿಧಾನವಾಗಿ ಟೋಪಿ ತೆಗೆದ. ಭಾವ ಅಲ್ಲೇ ನೆಲದ ಮೇಲೆ ಕುಸಿದು, ತಲೆ ಹಿಡಿದುಕೊಂಡು ಅಳತೊಡಗಿದ. ಅಕ್ಕನನ್ನು ಮಣ್ಣು ಮಾಡಿದ ದಿನವೂ ಅಳದವನು! ಗೈಡ್ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದ. ಎದ್ದುಹೋಗಿ ತಾನೂ ಅವನ ಪಕ್ಕ ಕೂರಬೇಕು ಎನ್ನಿಸಿತು ಪುಟ್ಟಿಗೆ. ಬರೀ ತಂಗಿಯಾಗಿದ್ದರೆ ಹೋಗುತ್ತಿದ್ದಳು, ಇಬ್ಬರೂ ತಬ್ಬಿಕೊಂಡು ಅಳುತ್ತಿದ್ದರು. ಹೆಂಡತಿಯಾಗಿ ಹೇಗೆ ಹೋಗುವುದು? ಸೂಟ್‌ಕೇಸಿನ ಬಟ್ಟೆ ಮಡಿಸತೊಡಗಿದಳು.

ಮರುದಿನ ಬೆಳಿಗ್ಗೆಯೇ ಹೊರಟರು, ಎರಡು ದಿನ ಬಾಕಿ ಇರುವಾಗಲೇ. ಜೀಪಿನ ಹತ್ತಿರ ರೂಮು ಗುಡಿಸುವ ಹೆಂಗಸು ಓಡಿಬಂದಳು.

"ತಪ್ಪಾಯ್ತು ಕಣಮ್ಮ. ನನ್ನ ನಾಲಿಗೆಗೆ ಹುಳ ಬೀಳ. ಒಂದು ಮಾತು ಹೇಳಬಾರದಿತ್ತಾ?"

"ನೀವು ಅಕ್ಕನ ಕಡೆ ಮಾತಾಡಿದ್ರಿ," ಎಂದಳು ಪುಟ್ಟಿ. "ಅದನ್ನ ಕೇಳ್ತಾ ನಿಂತ್ಕೋಬೇಕು ಅನ್ನಿಸ್ತು." ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಇಳಿಜಾರಿನಲ್ಲಿ ಜೀಪು ಕುಲುಕುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ಭಾವ, ಡ್ರೈವರಿಗೆ ಕೇಳಿಸದ ಹಾಗೆ, "ನಿಂಗೆ ಅನ್ಯಾಯ ಮಾಡ್ದೆ ಪುಟ್ಟಿ," ಎಂದ.

"ಹೂಂ. ಮಾಡಿದ್ರಿ."

"ಈಗ ಏನ್ ಮಾಡೋಣ?"

"ಮಗು ಸ್ಕೂಲಿಂದ ಬರೋ ಹೊತ್ತಿಗೆ ಮನೇಲಿರೋಣ."

"ಆಮೇಲೆ?"

ಪುಟ್ಟಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಕ್ಕ ಹೋದಾಗಿನಿಂದ ಅವಳು ಅತ್ತದ್ದೆಲ್ಲ ಅಕ್ಕನಿಗಾಗಿ, ಮಗುವಿಗಾಗಿ, ಅಮ್ಮನಿಗಾಗಿ. ಈಗ ತನಗಾಗಿ ಅಳು ಬಂತು. ಅದನ್ನು ತಡೆಯಲು ಅವಳು ಹೋಗಲಿಲ್ಲ. ಭಾವ ಕೈ ಚಾಚಿದ, ಎಲ್ಲಿಡಬೇಕೆಂದು ತಿಳಿಯದೆ ಸೀಟಿನ ಮೇಲೆ ಇಬ್ಬರ ನಡುವೆ ಇಟ್ಟ. ಡಾಂಬರು ರಸ್ತೆ ಸಿಗುವವರೆಗೂ ಆ ಕೈ ಅಲ್ಲೇ ಇತ್ತು.