ನಿಯೆವೆಸ್ ಹೆಸರಿನ ನಳಿಕೆ

ಕಣ್ಣಿನ ಸುತ್ತ ತಣ್ಣಗೆ ತಾಗಿದ್ದು ಸೂಕ್ಷ್ಮದರ್ಶಕದ ಬಳೆ, ಎರಡೂ ಕಣ್ಣು ತೆರೆದಿಡಿ ಮಮಿತಾ ಎಂದು, ಅಮ್ಮನನ್ನು ಕರೆಯುವ ಹಾಗೆ, ಡಾಕ್ಟರ್ ಮಾರ್ಲೆನೆ ಹಿಂದಿನಿಂದ ಹೇಳುತ್ತಿದ್ದಾಳೆ, ಬಾಸಿಲಿಯಾಗೆ ಕಾಣುವುದು ಮಾತ್ರ ತನ್ನದೇ ರೆಪ್ಪೆಯ ಕೂದಲು, ಆಮೇಲೆ ಬರೀ ಬೆಳಕು — ನಲವತ್ತೊಂದು ವರ್ಷ ಈ ಸಂಶೋಧನಾಲಯದ ಗಾಜು ತೊಳೆದವಳು, ಒಂದು ದಿನವೂ ಇದರೊಳಗೆ ಇಣುಕಿದವಳಲ್ಲ, ಯಾರೂ ಕರೆಯಲಿಲ್ಲ, ತಾನೂ ಕೇಳಲಿಲ್ಲ, ಇವತ್ತು ಕೆಲಸದ ಕೊನೆಯ ದಿನವೆಂದು ಈ ಹುಡುಗಿ ಕೈಹಿಡಿದು ಕರೆತಂದಿದ್ದಾಳೆ. ಕೆಳಗೆ ಅಂಗಳದಲ್ಲಿ ವಾರ್ಷಿಕೋತ್ಸವ, ನಿರ್ದೇಶಕರ ದನಿ ಧ್ವನಿವರ್ಧಕದಲ್ಲಿ ಒಡೆದು ಕಿಟಕಿಗೆ ಏರಿ ಬರುತ್ತಿದೆ, ಹೇಸರಗತ್ತೆಗಳ ಲಾಯದಲ್ಲಿ ಒಂದೇ ಒಂದು ಸೂಕ್ಷ್ಮದರ್ಶಕದೊಂದಿಗೆ ಹುಟ್ಟಿದ ಈ ಸಂಸ್ಥೆ, ವಿಂಚೂಕಾ ತಿಗಣೆ ಹರಡುವ ರೋಗದಿಂದ ಕಣಿವೆಯನ್ನು ಬಿಡಿಸುವುದೇ ನಮ್ಮ ಧ್ಯೇಯ — ಲಾಯ ಹೌದು, ಗೋಡೆಯಿಂದ ಗಂಜಳದ ನಾತ ಇನ್ನೂ ಹೋಗಿರಲಿಲ್ಲ, ಬೆನ್ನಿನ ಬಟ್ಟೆಯಲ್ಲಿ ಮಗಳು ನಿಯೆವೆಸ್‌ಳನ್ನು ಕಟ್ಟಿಕೊಂಡು ಅವಳು ಆ ಬಾಗಿಲಿಗೆ ಬಂದ ಬೆಳಿಗ್ಗೆ ಮಗುವಿನ ಉಸಿರು ಕತ್ತಿನ ಹಿಂದೆ ಸುಡುತ್ತಿತ್ತು, ಐದು ವರ್ಷದ ಮಗು, ಎಷ್ಟು ಹಗುರ. ಒಂದು ಕಣ್ಣು ಊದಿಕೊಂಡು ಎದ್ದಿತ್ತು, ಅಷ್ಟೇ, ತಿಗಣೆ ಕಚ್ಚಿದ ಗುರುತೆಂದು ತಿಳಿಯದೆ ಧೂಳು ಬಿದ್ದಿರಬೇಕು ಎಂದುಕೊಂಡಳು, ಆಲೂಗೆಡ್ಡೆಯ ಹೋಳು ಕಟ್ಟಿದಳು, ಮೆಕ್ಕೆಜೋಳದ ಕಟಾವು ಮುಗಿಯಲಿ ಎಂದಳು, ಹನ್ನೊಂದು ದಿನ, ಆ ಊದಿದ ಕಣ್ಣಿನ ಸುದ್ದಿಯನ್ನು ಹನ್ನೊಂದು ದಿನ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಡಾಕ್ಟರ್ ತೆರಾನ್, ಈ ಸಂಸ್ಥೆ ಕಟ್ಟಿದವರು, ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದರು. ಮೂರನೆಯ ದಿನ ಹೊರಗೆ ಬಂದು ಟೋಪಿ ತೆಗೆದರು, ಉಳಿಸೋಕೆ ಆಗ್ಲಿಲ್ಲ ಕಣಮ್ಮ, ಅವಳ ರಕ್ತದಲ್ಲಿದ್ದ ಹುಳಾನ ನಳಿಕೆಯಲ್ಲಿ ಇಟ್ಕೊಂಡಿದೀನಿ, ಅದನ್ನ ಕೊಲ್ಲೋದು ಹ್ಯಾಗೆ ಅಂತ ಕಲಿಯೋ ತನಕ ಸಾಕ್ತೀನಿ, ಅದಕ್ಕೆ ಅವಳ ಹೆಸರೇ ಇಡಲಾ ಎಂದು ಕೇಳಿದರು. ಅವಳು ತಲೆಯಾಡಿಸಿದಳು, ಏನು ಕೇಳಿದರು ಎಂಬುದು ಅರ್ಥವಾದದ್ದು ಎಷ್ಟೋ ತಿಂಗಳ ಮೇಲೆ, ಗಂಡ ಗಾಸ್ಪಾರ್ ಆರ್ಜೆಂಟೀನಾದ ಕಬ್ಬಿನ ಗದ್ದೆಗೆ ಹೋಗಿ ಅಲ್ಲೇ ಉಳಿದುಬಿಟ್ಟ ಮೇಲೆ, ಅವಳು ಇಲ್ಲಿಯೇ ಗಾಜು ತೊಳೆಯಲು ಸೇರಿದ ಮೇಲೆ.

ಹದಿನೈದು ದಿನಕ್ಕೊಮ್ಮೆ ಹಳೆಯ ನಳಿಕೆಯಿಂದ ಹೊಸದಕ್ಕೆ ಒಂದು ತೊಟ್ಟು, ಹೀಗೇ ಬದುಕಿಕೊಂಡು ಬಂದಿದೆ ಆ ಹುಳ, ಲಾಯ ಹೋಗಿ ಮೂರು ಮಹಡಿಯಾಯಿತು, ಡಾಕ್ಟರ್ ತೆರಾನ್ ಹೋದರು, ನಳಿಕೆಯ ಮೇಲಿನ ಹೆಸರು ಮಾತ್ರ ಹಾಗೇ, ನಿಯೆವೆಸ್ — ಆ ನಳಿಕೆಗಳನ್ನು ಉಳಿದವಕ್ಕಿಂತ ಎರಡು ಸಲ ಹೆಚ್ಚು ಜಾಲಿಸುತ್ತಿದ್ದಳು, ಜೊತೆಯ ಎರ್ಮಿನಿಯಾ ನಗುತ್ತಿದ್ದಳು, ನೋಡ್ರೇ, ಎಲ್ಲರೂ ಮಕ್ಕಳನ್ನ ಬೆನ್ನಲ್ಲಿ ಸಾಕಿದ್ರೆ ಇವಳು ಸೀಸೆಯಲ್ಲಿ ಸಾಕ್ತಾಳೆ. ಸತ್ತವರ ಹಬ್ಬಕ್ಕೆ ಎಲ್ಲರಂತೆ ಇವಳೂ ಮಗುವಿನಾಕಾರದ ರೊಟ್ಟಿ ಸುಟ್ಟು ಗೋರಿಗೆ ಒಯ್ಯುತ್ತಾಳೆ, ಆದರೆ ಗೋರಿಯ ಮುಂದೆ ಕೂತರೆ ಮನಸ್ಸು ಎರಡನೆಯ ಮಹಡಿಯ ಕಪಾಟಿನಲ್ಲಿರುತ್ತದೆ, ಕಪಾಟಿನ ಮುಂದೆ ನಿಂತರೆ ಗೋರಿಯಲ್ಲಿ, ಮನೆಗೆ ಹೋದರೆ ಎಲ್ಲಿಯೂ ಇಲ್ಲ, ಒಂದು ತಟ್ಟೆ, ಬೇಯಿಸಿದ ಜೋಳ, ಗೋಡೆಯಾಚೆ ಬೇರೆಯವರ ರೇಡಿಯೋ. ಈಗ ಮಾರ್ಲೆನೆ ತಿರುಪು ತಿರುಗಿಸಿದಳು, ಬೆಳಕು ನಡುಗಿ ತಿಳಿಯಾಯಿತು — ಓಹ್, ಇವೇನಾ, ಹಲ್ಲು ಕೊಂಬು ಇರುತ್ತದೆಂದುಕೊಂಡಿದ್ದಳು ಇಷ್ಟು ವರ್ಷ, ಇವು ಬೆಳ್ಳಿಯೆಳೆಯಷ್ಟು, ಬಾಲ ಆಡಿಸುತ್ತ, ಒಂದನ್ನೊಂದು ಗುದ್ದಿಕೊಂಡು ಓಡುತ್ತಿವೆ, ಕಾಲುವೆಗೆ ಬಿಟ್ಟ ಮಕ್ಕಳ ಹಾಗೆ, ದ್ವೇಷಿಸಲು ಹೊರಟ ಕಣ್ಣು ಅವುಗಳ ಹಿಂದೆಯೇ ಓಡುತ್ತಿದೆ. ಇವಕ್ಕೆ ಮದ್ದು ಹಾಕಿಲ್ಲ, ಈಗ ಹಾಕಿದ್ದನ್ನ ನೋಡಿ ಎಂದು ಮಾರ್ಲೆನೆ ಗಾಜಿನ ಪಟ್ಟಿ ಬದಲಿಸಿದಳು, ಮೂರು ದಿನದ ಹಿಂದೆ ಹಾಕಿದ್ದು, ಆರು ವರ್ಷದ ಕೆಲಸ ಮಮಿತಾ, ಬೆಳಿಗ್ಗೆಯಿಂದ ಹತ್ತೊಂಬತ್ತು ಪಟ್ಟಿ ನೋಡಿದೆ, ಒಂದೂ ಅಲ್ಲಾಡ್ತಿಲ್ಲ, ಕೊನೇದನ್ನ ನೀವೇ ನೋಡ್ಲಿ ಅಂತ ಇಟ್ಟಿದೀನಿ. ಕೆಳಗೆ ಚಪ್ಪಾಳೆ. ಹೊಟ್ಟಿನ ಹಾಗೆ ಬಿದ್ದಿವೆ ಎಲ್ಲ, ಹೌದು, ಮುಗಿಯಿತು, ಡಾಕ್ಟರ್ ತೆರಾನ್ ಮಾತು ಉಳಿಸಿಕೊಂಡರು, ಮುಗಿಯಿತು ಅಂದರೆ ನಾಳೆಯಿಂದ ಜಾಲಿಸಲು ನಳಿಕೆಯಿಲ್ಲ, ಹೆಸರು ಬರೆಯುವವರಿಲ್ಲ — ಅಲ್ಲೊಂದು. ಎಡಮೂಲೆಯಲ್ಲಿ. ಅಲ್ಲಾಡಿತು. ಭ್ರಮೆಯಿರಬೇಕು, ಮುದಿ ಕಣ್ಣು, ಅಲ್ಲ, ಮತ್ತೆ ಅಲ್ಲಾಡಿತು. ಸುಮ್ಮನಿದ್ದುಬಿಡಬಹುದು, ಯಾರು ಕೇಳುತ್ತಾರೆ ಗಾಜು ತೊಳೆಯುವವಳನ್ನು, ಈ ಹುಡುಗಿಯ ಸಂತೋಷವನ್ನು ಯಾಕೆ ಕೆಡಿಸಬೇಕು, ಅದೂ ಬದುಕಿಕೊಳ್ಳಲಿ, ತನಗಾದರೂ ಇನ್ನಾರಿದ್ದಾರೆ — ಸುಮ್ಮನಿರುವುದು, ಹನ್ನೊಂದು ದಿನ ಸುಮ್ಮನಿದ್ದವಳಲ್ಲವೆ ತಾನು. ಒಂದೂ ಇಲ್ಲ ಅಲ್ವಾ ಎಂದು ಮಾರ್ಲೆನೆ ಕೇಳಿದಳು. ಒಂದಿದೆ ಡಾಕ್ಟ್ರೇ, ಎಡಗಡೆ ಮೂಲೆಯಲ್ಲಿ, ಎಂದಳು ಬಾಸಿಲಿಯಾ. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದು, ಪೆನ್ಸಿಲ್ ಗೀಚಿದ ಸದ್ದು, ಹಾಗಾದ್ರೆ ಮತ್ತೆ ಶುರು ಮಾಡೋಣ, ಸ್ವಲ್ಪ ಸರೀರಿ, ನಾನೂ ನೋಡ್ತೀನಿ ಎಂಬ ಸಣ್ಣ ದನಿ, ಬಾಸಿಲಿಯಾ ಸರಿಯಲಿಲ್ಲ, ಬಿದ್ದವುಗಳ ನಡುವೆ ಅದು ಬಾಲ ಬಡಿಯುತ್ತದೆ, ನಿಲ್ಲುತ್ತದೆ, ಬಡಿಯುತ್ತದೆ