ರಾಬಿಗ್‌ನಲ್ಲಿ ಪಕ್ಷಾಂತರ

ಸಾವಿರದ ಒಂಬೈನೂರ ತೊಂಬತ್ತಾರನೆಯ ಇಸವಿ ಮಾರ್ಚ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಏಳೂಕಾಲಿಗೆ, ರಾಬಿಗ್ ರಿಫೈನರಿಯಲ್ಲಿ ಗುತ್ತಿಗೆ ಹಿಡಿದಿದ್ದ ಕಂಪನಿಯೊಂದರ ಪ್ಲಾನಿಂಗ್ ಆಫೀಸಿನಲ್ಲಿ ಸಾಹೇಬನ ಕಾಗದಪತ್ರ ಟೈಪು ಮಾಡುತ್ತಿದ್ದ ಬೆಂಗಳೂರಿನ ಗುರುದತ್ ಎಂಬವನು, ಸಿಂಹದ ಚಿತ್ರವಿದ್ದ ತನ್ನ ಹಳೆಯ ಮಗ್‌ಗೆ ಪೆನ್ಸಿಲುಗಳನ್ನು ತುಂಬಿ ಬದಿಗಿಟ್ಟು, ಕಡುನೀಲಿ ಬಣ್ಣದ ಹೊಸ ಮಗ್‌ನಲ್ಲಿ ಚಹಾ ಕುಡಿದ. ಇದು ದಾಖಲಾಗತಕ್ಕ ಸಂಗತಿ. ರಾಜ್ಯಗಳು ಉರುಳುವ ಕಾಲಕ್ಕೆ ಮೊದಲು ಜಾಗ ಬದಲಿಸುವುದು ಇಂಥ ಸಣ್ಣಪುಟ್ಟ ಸಾಮಾನುಗಳೇ.

ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಫ್ಯಾಮಿಲಿ ಕ್ವಾರ್ಟರ್ಸ್ ತಲುಪಿತು. ಅದೇ ಆಫೀಸಿನಲ್ಲಿ ಪ್ಲಾನರ್ ಆಗಿದ್ದ ಗಂಡನಿಗೆ ಸಾರು ಬಡಿಸುತ್ತಿದ್ದ ಲೀಲಮ್ಮ ಸೌಟನ್ನು ಹಾಗೆಯೇ ಎತ್ತಿ ಹಿಡಿದು ನಿಂತರು.

"ಗುರುದತ್ತಾ? ನಮ್ಮ ಗುರುದತ್ತಾ? ಕಾರ್ಲ್‌ಟನ್ನಾ?"

"ಹೂಂ ಕಣೇ." ದೊರೆಸ್ವಾಮಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅದಕ್ಕೇನೀಗ? ಹೊಸ ಸಾಹೇಬರು ಕಾರ್ಲ್‌ಟನ್. ಸಾರು ಹಾಕು, ಆರಿಹೋಗುತ್ತೆ."

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಆಫೀಸಿನ ಮುಖ್ಯಸ್ಥನಾಗಿ ಆರು ವರ್ಷ ಇದ್ದವನು ಕಾಲಿನ್ ಎಂಬ ಮೆಲ್ಬರ್ನ್‌ನ ಮನುಷ್ಯ. ಆಸ್ಟ್ರೇಲಿಯಾದವರು ಕೈಯನ್ನೂ ಕಾಲನ್ನೂ ಬಳಸಿ ಆಡುವ ಅವರದೇ ಒಂದು ಫುಟ್‌ಬಾಲ್ ಇದೆ. ಅದರಲ್ಲಿ ಸಿಂಹದ ಗುರುತಿನ ಫಿಟ್ಜ್‌ರಾಯ್ ಎಂಬ ಕ್ಲಬ್ಬು ಕಾಲಿನ್‌ನ ಮನೆದೇವರು. ಅವನ ತಾಯಿ ಅಲ್ಲಿ ಟೀವಿಯಿಂದ ಪಂದ್ಯಗಳನ್ನು ಕ್ಯಾಸೆಟ್ಟಿಗೆ ಇಳಿಸಿ ಅಂಚೆಗೆ ಹಾಕುತ್ತಿದ್ದಳು. ಕ್ಯಾಸೆಟ್ಟು ಜಿದ್ದಾದ ಕಸ್ಟಮ್ಸಿನಲ್ಲಿ ಎರಡು ವಾರ ಕೂತು, ಅಧಿಕಾರಿಗಳು ಅದರಲ್ಲಿ ಅಸಭ್ಯವೇನೂ ಇಲ್ಲವೆಂದು ಪೂರ್ತಿ ನೋಡಿ ಮುದ್ರೆ ಒತ್ತಿದ ಮೇಲೆ ರಾಬಿಗ್‌ಗೆ ಬರುತ್ತಿತ್ತು. "ನಮಗಿಂತ ಮುಂಚೆ ಸ್ಕೋರು ಆ ಕಸ್ಟಮ್ಸಿನವನಿಗೆ ಗೊತ್ತುಂಟು. ಅವ ಯಾವ ಕ್ಲಬ್ಬೋ ಏನೋ," ಎನ್ನುತ್ತಿದ್ದರು ಸ್ಟೋರ್ ನೋಡಿಕೊಳ್ಳುತ್ತಿದ್ದ ಉಡುಪಿಯ ಶರೀಫ್. ಸಾಹೇಬನ ಕ್ಲಬ್ಬೇ ಆಫೀಸಿನ ಕ್ಲಬ್ಬು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ನಿಯಮಗಳನ್ನು ಪಾಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಕಾಲಿನ್ ನೋಡಿ ಮುಗಿಸಿದ ಕ್ಯಾಸೆಟ್ಟುಗಳು ದೊರೆಸ್ವಾಮಿಯ ಮನೆಗೆ ಬರುತ್ತಿದ್ದವು. ಗಂಡ ಅವನ್ನು ನೋಡುತ್ತಿದ್ದದ್ದು ಸಾಹೇಬನೊಡನೆ ಮಾತಾಡುವುದಕ್ಕಾಗಿ. ಹೆಂಡತಿ ನೋಡಿದ್ದು ಹಗಲು ಉದ್ದವಾಗಿತ್ತೆಂದು. ಮಕ್ಕಳಿರಲಿಲ್ಲ, ಹೊರಗೆ ಹೋಗಲು ಕಾಂಪೌಂಡಿನಾಚೆ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರು ತಿಂಗಳಲ್ಲಿ ಲೀಲಮ್ಮನಿಗೆ ಆಟ ಒಲಿಯಿತು. ನಾಲ್ಕು ಕಂಬಗಳು, ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಪಕ್ಕಕ್ಕೆ ತಪ್ಪಿಹೋದರೂ ಒಂದು ಅಂಕ. ಕಂಬದ ಬುಡದಲ್ಲಿ ಬಿಳಿ ಕೋಟು ತೊಟ್ಟು ಆಸ್ಪತ್ರೆಯ ಡಾಕ್ಟರಂತೆ ನಿಂತವನು ಎರಡು ಬೆರಳು ತೋರಿಸಿದರೆ ಆರು, ಒಂದು ಬೆರಳಾದರೆ ಒಂದು. ಗುರಿ ತಪ್ಪಿದವನಿಗೂ ಏನಾದರೂ ಕೊಟ್ಟು ಕಳಿಸುವ ಆಟ ಲೀಲಮ್ಮನಿಗೆ ಬೇರೆಲ್ಲೂ ಕಂಡಿರಲಿಲ್ಲ. ಇದನ್ನೆಲ್ಲ ಅವರೇ ದೊರೆಸ್ವಾಮಿಗೆ ವಿವರಿಸಿದರು. ಮರುದಿನ ದೊರೆಸ್ವಾಮಿ ಅದನ್ನು ಆಫೀಸಿನಲ್ಲಿ ವಿವರಿಸಿದರು.

ಫಿಟ್ಜ್‌ರಾಯ್ ಮಾತ್ರ ಸೋಲುತ್ತಲೇ ಹೋಯಿತು. ತೊಂಬತ್ತೈದರಲ್ಲಿ ಇಪ್ಪತ್ತೆರಡು ಪಂದ್ಯಗಳಲ್ಲಿ ಗೆದ್ದದ್ದು ಎರಡು. ಒಳ್ಳೊಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಬೇರೆ ಕ್ಲಬ್ಬುಗಳಿಗೆ ಹೊರಟರು. ಒಬ್ಬ ಎತ್ತರದ ಆಟಗಾರ ಹೀಗೆ ಹೋದ ಸುದ್ದಿ ಬಂದ ಗುರುವಾರ ಈ ಮನೆಯ ಹಜಾರದಲ್ಲಿ ನಡೆದ ಮಾತು ಲೀಲಮ್ಮನಿಗೆ ಅಕ್ಷರಶಃ ನೆನಪಿತ್ತು.

"ಉಂಡ ಮನೆಗೆ ಎರಡು ಬಗೆಯೋನು!" ಎಂದು ದೊರೆಸ್ವಾಮಿ ಸೋಫಾದ ಕೈಗೆ ಗುದ್ದಿದ್ದರು.

"ಅವನೇ ಹೋದದ್ದಾ, ಕ್ಲಬ್ಬಿನವರು ಕೊಟ್ಟದ್ದಾ?" ಶರೀಫ್ ಕೇಳಿದ್ದರು.

"ಕೊಟ್ಟಿದ್ದು. ಟ್ರೇಡ್ ಅಂತಾರೆ. ಇವನನ್ನ ಕೊಟ್ಟು ಅಲ್ಲಿಂದ ಇಬ್ಬರನ್ನ ತಗೊಳ್ಳೋದು."

"ಹಾಗಾದ್ರೆ ನಮ್ಮ ವೀಸಾದ ಧಣಿ ಹಾಗೆ ಅವರಿಗೂ ಒಬ್ಬ ಕಫೀಲ್ ಉಂಟು ಅನ್ನಿ. ಅವ ಬಿಡದೆ ಹೋಗ್ಲಿಕ್ಕಿಲ್ಲ, ಅವ ಕಳಿಸಿದ್ರೆ ನಿಲ್ಲಲಿಕ್ಕಿಲ್ಲ. ನಮ್ಮದೇ ಕಥೆ. ಬಯ್ಯೋದು ಮಾತ್ರ ಪಾಪದ ಆಟಗಾರನಿಗೆ. ಎಂತ ಸ್ವಾಮಿಗಳೇ ಇದು?"

"ನಿಮಗೆ ನಿಷ್ಠೆ ಅಂದ್ರೆ ಗೊತ್ತಿಲ್ಲ ಶರೀಫ್."

"ಗೊತ್ತಿಲ್ಲ ಮಾರಾಯ್ರೆ. ಮೊಟ್ಟೆ ಹಾಗಿನ ಚೆಂಡಿಗೆ ನಿಷ್ಠೆ ನನ್ನಿಂದಾಗ್ಲಿಕ್ಕಿಲ್ಲ."

ಆ ಮಾತಿಗೆ ಆರು ತಿಂಗಳು ತುಂಬಿರಲಿಲ್ಲ. ಫೆಬ್ರವರಿಯಲ್ಲಿ ಕಾಲಿನ್ ಕೆಲಸ ಮುಗಿಸಿ ಊರಿಗೆ ಹೋದ. ಅವನ ಕುರ್ಚಿಗೆ ಡೆನಿಸ್ ಬಂದ. ಅವನ ಕ್ಲಬ್ಬು, ಕಡುನೀಲಿ ಬಣ್ಣದ ಕಾರ್ಲ್‌ಟನ್, ಹಿಂದಿನ ವರ್ಷದ ಚಾಂಪಿಯನ್. ಗುರುದತ್‌ನ ಮಗ್ ಬದಲಾದ ಮೂರನೇ ವಾರಕ್ಕೆ ಆಫೀಸಿನಲ್ಲಿ ಫಿಟ್ಜ್‌ರಾಯ್ ಎಂಬ ಹೆಸರನ್ನು ಆಡುವವರೇ ಇಲ್ಲವಾದರು. ನಾಲ್ಕನೇ ವಾರ ದೊರೆಸ್ವಾಮಿ ಮನೆಗೆ ಕಡುನೀಲಿ ಟೋಪಿಯೊಂದನ್ನು ತಂದು, ಬಟ್ಟೆಯ ಬೀರುವಿನ ಮೇಲೆ, ಯಾರಿಗೂ ಕಾಣದ ಹಾಗೆ ಇಟ್ಟರು. ಲೀಲಮ್ಮ ಆ ಬೀರುವನ್ನು ದಿನಕ್ಕೆರಡು ಸಲ ಒರೆಸುತ್ತಾರೆಂಬುದು ಹತ್ತು ವರ್ಷ ಸಂಸಾರ ಮಾಡಿದರೂ ಅವರ ಗಮನಕ್ಕೆ ಬಂದಿರಲಿಲ್ಲ.

"ಏನ್ರೀ ಇದು?"

"ಸಾಹೇಬರು ಕೊಟ್ಟರು. ಬೇಡ ಅನ್ನಕ್ಕಾಗುತ್ತಾ?"

"ತಗೊಳ್ಳಿ. ಹಾಕ್ಕೊಂಡ್ರಾ?"

ದೊರೆಸ್ವಾಮಿ ಹೇಳಬೇಕಾದ್ದನ್ನು ಹೇಳಿದರು. ಜೂನ್‌ನಲ್ಲಿ ಅವರ ಕರಾರು ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ, ಮುಂದುವರಿಸಿದರೆ ಫ್ಯಾಮಿಲಿ ಸ್ಟೇಟಸ್ಸಿನಲ್ಲೋ ಬ್ಯಾಚುಲರ್ ಸ್ಟೇಟಸ್ಸಿನಲ್ಲೋ ಎಂದು ಬರೆಯುವವನು ಡೆನಿಸ್.

ಬ್ಯಾಚುಲರ್ ಸ್ಟೇಟಸ್ ಎಂದರೇನೆಂದು ಲೀಲಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾದ ಮೊದಲ ನಾಲ್ಕು ವರ್ಷ ಅವರು ಸರಸ್ವತಿಪುರಂನ ಅತ್ತೆಮನೆಯ ಹಿಂದಿನ ಕೋಣೆಯಲ್ಲಿ, ವರ್ಷಕ್ಕೆ ಮೂವತ್ತು ದಿನದ ಗಂಡನನ್ನು ಇಟ್ಟುಕೊಂಡು ಬಾಳಿದ್ದರು. ಅವನ ದನಿಯನ್ನು ಕೇಳುತ್ತಿದ್ದದ್ದು ಅಂಚೆಯಲ್ಲಿ ಬರುವ ಕ್ಯಾಸೆಟ್ಟಿನಲ್ಲಿ. ಈ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕ ದಿನ ಅವರು ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ದರು.

"ಹತ್ತೊಂಬತ್ತನೇ ತಾರೀಖು ಶುಕ್ರವಾರ ಊಟಕ್ಕೆ ಕರೆದಿದೀನಿ," ದೊರೆಸ್ವಾಮಿ ಹೇಳಿದರು. "ಟೀವಿ ಮೇಲಿರೋ ಆ ಫಿಟ್ಜ್‌ರಾಯ್ ಕೆಂಪು ನೀಲಿ ಶಾಲು ತೆಗೆದಿಡು. ನಿನ್ನನ್ನೂ ಕೇಳ್ತಾರೆ, ಆ ಮನುಷ್ಯ ಎಲ್ಲರನ್ನೂ ಕೇಳ್ತಾನೆ. ಕಾರ್ಲ್‌ಟನ್ ಅಂತ ಒಂದು ಮಾತು ಅಂದುಬಿಡು. ಕೈ ಮುಗೀತೀನಿ."

"ನೀವು ಏರ್‌ಪೋರ್ಟಿನಲ್ಲಿ ಕಾಲಿನ್ ಸಾಹೇಬರ ಕೈ ಹಿಡ್ಕೊಂಡು, ಎಂದೆಂದಿಗೂ ಫಿಟ್ಜ್‌ರಾಯ್ ಅಂದಿರಲಿಲ್ವಾ?"

"ಕಾಲಿನ್ ಸಾಹೇಬರು ಸಹಿ ಹಾಕಲ್ಲ ಈಗ."

ಲೀಲಮ್ಮ ಶಾಲು ತೆಗೆದಿಟ್ಟರು. ಹುರುಳಿಕಾಯಿ ಹೆಚ್ಚುತ್ತಾ ಮೂರು ದಿನ 'ಐ ಆಮ್ ಕಾರ್ಲ್‌ಟನ್' ಎಂದು ಬಾಯಿಗೆ ರೂಢಿ ಮಾಡಿಕೊಂಡರು. ಶುಕ್ರವಾರದ ಹೊತ್ತಿಗೆ ಅದು ಸರಾಗವಾಗಿ ಬರುತ್ತಿತ್ತು. ಸರಾಗವಾಗಿ ಬಂದದ್ದಕ್ಕೇ ಅವರಿಗೆ ಹೆಚ್ಚು ನಾಚಿಕೆಯಾಯಿತು.

ಶುಕ್ರವಾರ ಡೆನಿಸ್ ಬಂದ. ದೊಡ್ಡ ಆಳು, ನಗುವಿನಲ್ಲಿ ಜಿಪುಣತನವಿಲ್ಲದವನು. ಜೊತೆಗೆ ಗುರುದತ್. ಅವನಂತೂ ಪ್ರತಿ ಶುಕ್ರವಾರ ಈ ಮನೆಯಲ್ಲೇ ಉಣ್ಣುವವನು. ಮೊನ್ನೆ ರಜೆಯಲ್ಲಿ ಊರಿಗೆ ಹೋಗಿ ಸಂಯುಕ್ತಾ ಎಂಬ ಹುಡುಗಿಯೊಡನೆ ನಿಶ್ಚಿತಾರ್ಥ ಮಾಡಿಕೊಂಡು ಬಂದಾಗ, ಫೋಟೋ ಮೊದಲು ತೋರಿಸಿದ್ದು 'ಅತ್ತಿಗೆ'ಗೇ. ಬಿಸಿಬೇಳೆಭಾತು ಡೆನಿಸ್‌ಗೆ ಹಿಡಿಸಿತು. ಬೆವರು ಒರೆಸಿಕೊಳ್ಳುತ್ತಾ ಎರಡನೇ ಸಲ ಹಾಕಿಸಿಕೊಂಡ. ಗುರುದತ್ ಮಾತ್ರ ಒಂದೇ ಸಲಕ್ಕೆ ಕೈ ಅಡ್ಡ ಹಿಡಿದ.

"ಯಾಕೋ? ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ ಅತ್ತಿಗೆ. ಹೊಟ್ಟೆ ಸರಿಯಿಲ್ಲ."

ಆಗ ಡೆನಿಸ್ ಇಂಗ್ಲಿಷಿನಲ್ಲಿ ಕೇಳಿಯೇ ಬಿಟ್ಟ: ಅಮ್ಮಾವ್ರು ಯಾರ ಕಡೆ?

ಲೀಲಮ್ಮ ಬಾಯಿ ತೆರೆದರು. ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ದೊರೆಸ್ವಾಮಿಗೆ ಅಷ್ಟು ಕಾಯುವ ಧೈರ್ಯವಿರಲಿಲ್ಲ.

"ಕಾರ್ಲ್‌ಟನ್ ಸರ್, ಅವಳೂ ಕಾರ್ಲ್‌ಟನ್," ಎಂದು ಅವರು ನಕ್ಕರು. "ಆದರೆ ಅವಳಿಗೆ ಆಟವೇನು ಗೊತ್ತು ಸರ್! ಬಣ್ಣ ಚೆನ್ನಾಗಿದೆ ಅಂತ ನೋಡ್ತಾಳೆ. ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತಲ್ಲ."

ಪಕ್ಷ ಬದಲಿಸಲು ಲೀಲಮ್ಮ ಒಪ್ಪಿದ್ದರು. ಮೂರು ದಿನ ಅಭ್ಯಾಸ ಮಾಡಿ, ಸ್ವಂತ ಬಾಯಿಂದ, ಲೆಕ್ಕ ತಿಳಿದೇ ಆ ದ್ರೋಹ ಮಾಡಲು ತಯಾರಾಗಿದ್ದರು. ಗಂಡ ಅದನ್ನೂ ಅವರಿಗೆ ಬಿಡಲಿಲ್ಲ.

"ಫಿಟ್ಜ್‌ರಾಯ್," ಎಂದರು ಲೀಲಮ್ಮ. ಪಾಯಸದ ಪಾತ್ರೆ ಕೆಳಗಿಟ್ಟು, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಮುಂದುವರಿಸಿದರು. "ಹೋದ ವರ್ಷ ನಾವು ಎರಡು ಗೆದ್ದೆವು, ಇಪ್ಪತ್ತು ಸೋತೆವು. ಕಾಲು ಗಟ್ಟಿ ಇದ್ದವರನ್ನೆಲ್ಲ ಕೊಟ್ಟುಬಿಟ್ಟೆವು. ಆಟದ ನಾಲ್ಕು ಕಾಲುಭಾಗದಲ್ಲಿ ಮೂರನೇದರ ತನಕ ಆಡ್ತೀವಿ, ಆಮೇಲೆ ಓಡೋಕೆ ಜನ ಇಲ್ಲ."

ಡೆನಿಸ್ ಚಮಚ ಕೆಳಗಿಟ್ಟ. ದೊರೆಸ್ವಾಮಿಯ ಮುಖ ಅನ್ನ ಬಸಿದ ಗಂಜಿಯ ಬಣ್ಣಕ್ಕೆ ತಿರುಗಿತು. ಆದರೆ ಡೆನಿಸ್ ನಕ್ಕ. ಮೇಜು ಕುಟ್ಟಿ ನಕ್ಕ. ಈ ಮರಳುಗಾಡಿನಲ್ಲಿ ಒಬ್ಬರಾದರೂ ನಿಜವಾದ ಅಭಿಮಾನಿ ಸಿಕ್ಕರಲ್ಲ ಎಂದ. ಆಮೇಲೆ ಬುದ್ಧಿ ಹೇಳುವ ಧಾಟಿಯಲ್ಲಿ, ಫಿಟ್ಜ್‌ರಾಯ್ ತಪ್ಪು ಮಾಡಿದ್ದು ಆಟಗಾರರನ್ನು ಕೊಟ್ಟು ಅಲ್ಲ, ತಡವಾಗಿ ಕೊಟ್ಟು ಎಂದು ವಿವರಿಸಿದ. ವಯಸ್ಸಾಗುತ್ತಿರುವವನಿಗೆ ಹೆಸರಿರುವಾಗಲೇ ಅವನನ್ನು ಬಿಟ್ಟುಕೊಟ್ಟು ಇಬ್ಬರು ಹುಡುಗರನ್ನು ತರಬೇಕು. ಕ್ಲಬ್ಬು ನಡೆಸುವವನಿಗೆ ಮಮತೆ ಇರಬಾರದು.

"ಕರೆಕ್ಟ್ ಸರ್. ಮಮತೆ ಇರಲೇಬಾರದು," ಎಂದರು ದೊರೆಸ್ವಾಮಿ, ಬಂದ ಗಂಡಾಂತರ ಹೋಯಿತೆಂಬ ಹುರುಪಿನಲ್ಲಿ. "ನಾನೂ ಅದನ್ನೇ ಹೇಳೋದು."

ಗುರುದತ್ ತಟ್ಟೆಯ ಅಂಚಿನಲ್ಲಿದ್ದ ಕರಿಬೇವಿನ ಎಲೆಯನ್ನು ಬೆರಳಿನಿಂದ ಅತ್ತಿತ್ತ ದೂಡುತ್ತಿದ್ದ. ಲೀಲಮ್ಮ ಅವನನ್ನು ನೋಡಿದರು, ಡೆನಿಸ್‌ನನ್ನು ನೋಡಿದರು, ಕೊನೆಗೆ ನಲವತ್ತಾರು ವರ್ಷದ ತಮ್ಮ ಗಂಡನನ್ನು ನೋಡಿದರು. ಆಟ ತಲೆಗೆ ಹತ್ತದವರಿಗೆ ಆ ಕ್ಷಣದಲ್ಲಿ ಏನೂ ಹೊಳೆಯುತ್ತಿರಲಿಲ್ಲ.

ಈದ್ ರಜೆಗೆ ಮುಂಚಿನ ಬುಧವಾರ ಕಾಗದ ಬಂತು. ಬುರೈದಾದಲ್ಲಿ ಕಂಪನಿ ಖರ್ಜೂರ ಪ್ಯಾಕ್ ಮಾಡುವ ಕಾರ್ಖಾನೆ ಕಟ್ಟುತ್ತಿತ್ತು. ದೊರೆಸ್ವಾಮಿಯವರ ಕರಾರನ್ನು ಎರಡು ವರ್ಷಕ್ಕೆ ಮುಂದುವರಿಸಲಾಗಿದೆ. ಅವರನ್ನು ಬುರೈದಾ ಸೈಟಿಗೆ ಕೊಡಲಾಗಿದೆ. ಅಲ್ಲಿಂದ ಬದಲಿಗೆ ಇಬ್ಬರು ಬರುತ್ತಾರೆ. ಬುರೈದಾದಲ್ಲಿ ಇರುವುದು ಕ್ಯಾಂಪು. ಬ್ಯಾಚುಲರ್ ಸ್ಟೇಟಸ್.

ದೊರೆಸ್ವಾಮಿ ಶೂ ಬಿಚ್ಚದೆ ಒಳಗೆ ಬಂದರು.

"ಸಮಾಧಾನ ಆಯ್ತಾ? ಒಂದು ಮಾತು ಅಂತ ಬೇಡಿಕೊಂಡೆ. ಒಂದೇ ಒಂದು ಮಾತು! ದೊಡ್ಡ ಪಂಡಿತೆ ಹಾಗೆ ಲೆಕ್ಚರು ಕೊಟ್ಟೆ. ಹೋಗು ಈಗ, ಸರಸ್ವತಿಪುರಂನಲ್ಲಿ ಕೂತು ಕೊಡು."

ಲೀಲಮ್ಮ ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ಶರೀಫ್ ನಿಂತಿದ್ದರು. ಕೈಯಲ್ಲಿ ಫ್ಯಾಕ್ಸಿನ ತೆಳು ಕಾಗದ, ತುದಿ ಸುರುಳಿ ಸುತ್ತಿಕೊಂಡಿತ್ತು.

"ಸ್ವಾಮಿಗಳೇ, ಬೊಬ್ಬೆ ಹಾಕ್ಬೇಡಿ, ಆಚೆ ರಸ್ತೆಗೆ ಕೇಳ್ತದೆ. ಲೀಲಕ್ಕನದ್ದು ಎಂತ ತಪ್ಪೂ ಇಲ್ಲ. ಫ್ಯಾಕ್ಸ್ ಮೆಷಿನ್ ಇರುವುದು ನನ್ನ ಸ್ಟೋರಿನಲ್ಲಿ ಅಲ್ವಾ? ಹಳೆ ಕಾಪಿ ಬುಟ್ಟಿಯಲ್ಲಿ ಇತ್ತು. ತಾರೀಖು ನೋಡಿ."

ಏಪ್ರಿಲ್ ಒಂಬತ್ತು. ಊಟಕ್ಕೆ ಹತ್ತು ದಿನ ಮೊದಲು. 'ಅನುಭವಿ ಪ್ಲಾನರ್ ಒಬ್ಬರನ್ನು ಕೊಡಬಲ್ಲೆ, ಮೂವತ್ತರೊಳಗಿನ ಇಬ್ಬರನ್ನು ಕಳಿಸಿ' ಎಂದು ಡೆನಿಸ್ ಬುರೈದಾಕ್ಕೆ ಬರೆದಿದ್ದ. ಕೆಳಗೆ ಎಡಮೂಲೆಯಲ್ಲಿ, ಟೈಪು ಮಾಡಿದವರು ವಾಡಿಕೆಯಂತೆ ಹಾಕುವ ಎರಡು ಸಣ್ಣ ಅಕ್ಷರಗಳಿದ್ದವು. ಅವು ಗುರುದತ್‌ನವು.

ದೊರೆಸ್ವಾಮಿ ಕಾಗದವನ್ನು ಎರಡು ಸಲ ಓದಿದರು.

"ಆ ಡೆನಿಸ್ ಎರಡನೇ ಸಲ ಹಾಕಿಸಿಕೊಂಡನಲ್ಲೇ," ಎಂದರು ಕೊನೆಗೆ. "ಬಿಸಿಬೇಳೆಭಾತು. ಕೇಳಿ ಹಾಕಿಸಿಕೊಂಡ."

"ಗುರುದತ್ತ ಹಾಕಿಸಿಕೊಳ್ಳಲಿಲ್ಲ," ಎಂದರು ಲೀಲಮ್ಮ. "ಅವನಿಗೆ ಅಷ್ಟಾದರೂ ನಾಚಿಕೆ ಇತ್ತು."

ಶರೀಫ್ ಚಪ್ಪಲಿ ಮೆಟ್ಟಿ ಮೆಲ್ಲಗೆ ಹೊರಟುಹೋದರು. ಹೊರಗೆ ಹೆದ್ದಾರಿಯಲ್ಲಿ ಹಜ್ ಯಾತ್ರಿಕರ ಬಸ್ಸುಗಳು ಒಂದರ ಹಿಂದೊಂದು ಜಿದ್ದಾದ ಕಡೆಗೆ ಸಾಗುತ್ತಿದ್ದವು.

"ನೀನು ಕಾರ್ಲ್‌ಟನ್ ಅಂದಿದ್ರೂ ಇದೇ ಆಗ್ತಿತ್ತು, ಅಲ್ವಾ?"

"ಇದೇ ಆಗ್ತಿತ್ತು." ಲೀಲಮ್ಮ ಎದುರಿಗೆ ಕೂತರು. "ಕಾರ್ಲ್‌ಟನ್ ಅಂತಲೇ ಅನ್ನೋಳಿದ್ದೆ ನಾನು. ನೀವು ಬಿಡಲಿಲ್ಲ. ಒಂದು ಕೇಳ್ತೀನಿ. ನನಗೆ ಆಟ ಗೊತ್ತಿಲ್ಲ, ತಲೆಗೆ ಹತ್ತಲ್ಲ ಅಂದ್ರಲ್ಲ, ಯಾಕಂದ್ರಿ?"

"ಆ ಹೊತ್ತಿಗೆ ಬಾಯಿಗೆ ಬಂತು ಲೀಲಾ."

"ಅಷ್ಟು ಬೇಗ ಬಂತಾ?"

ದೊರೆಸ್ವಾಮಿ ಬಗ್ಗಿ ಶೂ ಲೇಸು ಬಿಚ್ಚತೊಡಗಿದರು. ಅದು ಗಂಟಾಗಿತ್ತು. ಬೇರೆ ದಿನವಾಗಿದ್ದರೆ ಲೀಲಮ್ಮ ಬಿಡಿಸಿ ಕೊಡುತ್ತಿದ್ದರು.

ಮೇ ಹನ್ನೆರಡರಂದು ದೊರೆಸ್ವಾಮಿ ಬುರೈದಾಕ್ಕೆ ಹೋದರು. ಜೂನ್ ಒಂದರಂದು ಲೀಲಮ್ಮ ಜಿದ್ದಾದಿಂದ ವಿಮಾನ ಹತ್ತಿದರು. ಕ್ವಾರ್ಟರ್ಸ್ ಗುರುದತ್‌ಗೆ ಮಂಜೂರಾಯಿತು.